ನೀಲವ್ವತ್ತೆಯ ಹೊಲದ ಮೂಲೆ

ಕಾರಿನ ಮುಂದಿನ ಚಕ್ರದ ಮೇಲಿನ ಕಮಾನಿನೊಳಗೆ ಕೈ ಹಾಕಿ ಉಜ್ಜುತ್ತಿದ್ದೆ. ಅಂಗೈಯಗಲದ ಒಂದು ಕರಿ ಹೆಂಟೆ ಕಳಚಿ ಕೆಳಗೆ ಬಿತ್ತು. ಪೈಪಿನ ನೀರು ಅದರ ಮೇಲೆ ಹರಿದದ್ದೇ ತಡ, ಹುಬ್ಬಳ್ಳಿಯ ನಮ್ಮ ಮನೆಯ ಹಿತ್ತಲಿನಲ್ಲಿ ಮುಶಿಗೇರಿಯ ಹೊಲದ ವಾಸನೆ ಎದ್ದಿತು. ಒಣಗಿದ ಎರೆಮಣ್ಣಿಗೆ ನೀರು ಬಿದ್ದಾಗ ಬರುವ ವಾಸನೆ ಅದು. ಎಷ್ಟೋ ವರ್ಷ ಟಾರ್ಪಾಲಿನ ಕೆಳಗೆ ಮಲಗಿದ್ದ ಕಾರಿನಲ್ಲಿ ಅದು ಇನ್ನೂ ಉಳಿದಿತ್ತಲ್ಲ ಎಂದು ನಾನು ಹೆಂಟೆಯನ್ನು ಮೂಗಿಗೆ ಹಿಡಿದು ನಿಂತಿದ್ದಾಗ ಹೆಂಡತಿ ಹಿಂಬಾಗಿಲಿಗೆ ಬಂದಳು.

"ಎಷ್ಟ ಎಕರೆ ತುಂಬ್ಕೊಂಡ ಬಂದೀರಿ? ಪೂರಾ ಒಂದ ಹೊಲಾನ ಐತೆಲ್ರಿ ಅದರಾಗ," ಎಂದಳು. ಆಮೇಲೆ ನನ್ನ ಮುಖ ನೋಡಿ, ಇದು ಈಗ ಮುಗಿಯುವ ಮಾತಲ್ಲವೆಂದು ತಿಳಿದು ಒಳಗೆ ಹೋದಳು.

ನಾನು ರ‍್ಯಾಲಿ ಕಾರು ಓಡಿಸುತ್ತಿದ್ದವನು. ಹಾಗೆಂದರೆ ಜನ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ನಾನು ಅವರ ಕಾಲ ಮೇಲೆಯೇ ಕಾರು ಹಾಯಿಸುತ್ತೇನೋ ಎನ್ನುವಂತೆ. ಸತ್ಯ ಹೇಳಬೇಕೆಂದರೆ, ಹುಬ್ಬಳ್ಳಿಯ ಸಂತೆಯ ದಿನ ನನಗೆ ಸ್ಟೇರಿಂಗು ಹಿಡಿಯಲು ಧೈರ್ಯ ಸಾಲುವುದಿಲ್ಲ. ಹೆಂಡತಿ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿರುತ್ತೇನೆ. ರ‍್ಯಾಲಿಯಲ್ಲಿ ಹಾಗಲ್ಲ. ಅಲ್ಲಿ ರಸ್ತೆ ಮುಚ್ಚಿರುತ್ತಾರೆ, ಒಂದೊಂದೇ ಕಾರು ಬಿಡುತ್ತಾರೆ, ಎದುರಿಗೆ ಎಮ್ಮೆ ಬರುವುದಿಲ್ಲ. ಪಕ್ಕದಲ್ಲಿ ಕೂತವನು ಮುಂದಿನ ತಿರುವು ಎಂಥದು ಎಂದು ಓದಿ ಹೇಳುತ್ತಾನೆ. ಜೀವನದಲ್ಲಿ ಇಷ್ಟು ಸೌಕರ್ಯ ಮತ್ತೆಲ್ಲಿ ಸಿಗುತ್ತದೆ ಹೇಳಿ.

ಈ ಓಟದ ನೆಪದಲ್ಲಿ ದೇಶವೆಲ್ಲ ಸುತ್ತಿದೆ. ಜನರು ಊರುಗಳನ್ನು ಅಲ್ಲಿನ ಗುಡಿ, ಅಲ್ಲಿನ ಊಟದಿಂದ ನೆನಪಿಟ್ಟುಕೊಳ್ಳುತ್ತಾರೆ. ನಾನು ಮಣ್ಣಿನಿಂದ ನೆನಪಿಟ್ಟುಕೊಳ್ಳುತ್ತೇನೆ. ಕೆಲವು ಕಡೆ ಹಿಟ್ಟಿನಂಥ ಧೂಳು, ಕೆಲವು ಕಡೆ ಜಾರುವ ಜಲ್ಲಿ. ನಮ್ಮ ಕಡೆಯಂತೂ ಕೇಳುವುದೇ ಬೇಡ. ನರಗುಂದದ ಗುಡ್ಡದ ಕೆಳಗೆ ಶುರುವಾಗುವ ಕರಿ ಎರೆ ರೋಣ ದಾಟಿ ಗಜೇಂದ್ರಗಡದ ಹತ್ತಿರ ಬರುವಷ್ಟರಲ್ಲಿ ಕೆಂಪು ಮಸಾರಿಯಾಗಿ, ಕಲ್ಲಾಗಿ, ಮೇಲೆ ಕರೆಂಟು ತಯಾರಿಸುವ ದೊಡ್ಡ ಗಾಳಿ ಫ್ಯಾನುಗಳನ್ನು ತಿರುಗಿಸುತ್ತ ನಿಂತುಬಿಡುತ್ತದೆ. ಒಣಗಿದ್ದಾಗ ಎರೆಯಷ್ಟು ಗಟ್ಟಿ ರಸ್ತೆ ಇಲ್ಲ. ನಾಲ್ಕು ಹನಿ ಬಿದ್ದರೆ ಚಕ್ರಕ್ಕೆ, ಚಪ್ಪಲಿಗೆ, ಎತ್ತಿನ ಗೊರಸಿಗೆ ಅಂಟಿಕೊಂಡು ನಮ್ಮ ಜೊತೆಗೇ ಮನೆಗೆ ಬರುತ್ತದೆ.

ಯಾರಿಂದ ಓಟ ಕಲಿತಿರಿ ಎಂದು ಪತ್ರಿಕೆಯವರು ಕೇಳಿದಾಗ ನಾನು ಕೊಯಮತ್ತೂರಿನ ಒಬ್ಬ ತರಬೇತುದಾರರ ಹೆಸರು ಹೇಳುತ್ತಿದ್ದೆ. ಅದು ಅರ್ಧ ಸತ್ಯ. ನನಗೆ ಮೊದಲು ಕಲಿಸಿದವಳು ನಮ್ಮಪ್ಪನ ತಂಗಿ, ಮುಶಿಗೇರಿಯ ನೀಲವ್ವತ್ತೆ. ಅವಳ ವಾಹನ ಒಂದು ಚಕ್ಕಡಿ, ಎರಡು ಬಿಳಿ ಎತ್ತು.

ಎಳ್ಳಮವಾಸ್ಯೆಯ ದಿನ ನಮ್ಮಲ್ಲಿ ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಾರೆ. ಸಜ್ಜೆ ರೊಟ್ಟಿ, ಎಣಗಾಯಿ, ಹೋಳಿಗೆ ಮೊದಲಾಗಿ ಮನೆಯಲ್ಲಿ ಮಾಡಿದ್ದನ್ನೆಲ್ಲ ಒಂದಿಷ್ಟು ಬೆಳೆಯ ಮೇಲೆ ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ನಾವು ಉಣ್ಣುವುದು. ಊರಿನ ಚಕ್ಕಡಿಗಳೆಲ್ಲ ಒಂದೇ ಹೊತ್ತಿಗೆ ಒಂದೇ ಹಾದಿಗೆ ಇಳಿದರೆ ಏನಾಗುತ್ತದೆ ನೀವೇ ಊಹಿಸಿ. ಇದು ಓಟ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ದೇವರ ಕೆಲಸಕ್ಕೆ ಹೊರಟ ಮುಖ ಮಾಡಿಕೊಂಡೇ ಎತ್ತಿನ ಬಾಲ ತಿರುವುತ್ತಾರೆ. ಹೆಣ್ಣುಮಕ್ಕಳು ಹಿಂದೆ ಕೂತು ಬುಟ್ಟಿ ಹಿಡಿಯುವುದು ವಾಡಿಕೆ. ನಮ್ಮ ಚಕ್ಕಡಿಯಲ್ಲಿ ಬುಟ್ಟಿ ಹಿಡಿಯುತ್ತಿದ್ದವರು ಮಾವ. ಹಗ್ಗ ಅತ್ತೆಯ ಕೈಯಲ್ಲಿ.

ನನ್ನನ್ನು ಅವಳು ಚಕ್ಕಡಿಯ ಹಿಂಬದಿಗೆ, ಹಿಂದಕ್ಕೆ ಮುಖ ಮಾಡಿ ಕೂರಿಸುತ್ತಿದ್ದಳು. ನನ್ನ ಕೆಲಸ ಒಂದೇ.

"ಹಿಂದ ಯಾರ ಬರಾಕತ್ತಾರ ನೋಡು," ಎನ್ನುತ್ತಿದ್ದಳು. ನಾನು ಹೆಸರು ಹೇಳಿದರೆ, "ಎಷ್ಟ ಸಮೀಪ ಅದಾರ?" ನಾನು ಹೇಳಿದ ಉತ್ತರ ಅವಳಿಗೆ ಸರಿಬರದಿದ್ದರೆ ಎತ್ತುಗಳಿಗೆ ಮಾತಿನ ಪೆಟ್ಟು ಬೀಳುತ್ತಿತ್ತು. ಕೈಯಿಂದ ಅವಳು ಎಂದೂ ಹೊಡೆದವಳಲ್ಲ. ಎತ್ತಿನ ತಾಯಿ, ಅಜ್ಜಿಯರನ್ನೆಲ್ಲ ನೆನೆಸುವ ಬೈಗಳಿಗೇ ಅವು ಕಿವಿ ನೆಟ್ಟಗೆ ಮಾಡಿ ಓಡುತ್ತಿದ್ದವು.

ಒಮ್ಮೆ ಯಾರದೋ ಚಕ್ಕಡಿ ತಿರುವಿನಲ್ಲಿ ಜೋಳದ ಹೊಲದೊಳಗೆ ನುಗ್ಗಿ ನಮ್ಮನ್ನು ದಾಟಿತು. ನಾನು ಅಳುವುದೊಂದು ಬಾಕಿ. ನಾವೂ ಹಾಗೇ ಹೋಗೋಣ ಎಂದೆ. ಅತ್ತೆ ಹಗ್ಗ ಜಗ್ಗಿ ಚಕ್ಕಡಿ ನಿಲ್ಲಿಸಿಯೇಬಿಟ್ಟಳು.

"ಪೀಕಿನಾಗ ಎತ್ತಿನ ಕಾಲ ಇಟ್ಟ ಮುಂದ ಹೋದ್ರ, ಅದು ಮುಂದ ಹೋದಂಗಲ್ಲೋ ತಮ್ಮಾ. ಉಣಸಾಕ ಹೊಂಟೀವಿ, ತುಳಿಯಾಕಲ್ಲ," ಎಂದಳು. ಆಮೇಲೆ ಆ ಚಕ್ಕಡಿಯವನಿಗೆ ಇಡೀ ದಿನ ಎಲ್ಲರ ಮುಂದೆ ಬೈದಳು, ಅವನು ಕೊಟ್ಟ ಹೋಳಿಗೆಯನ್ನು ಮಾತ್ರ ಬಿಡದೆ ತಿಂದಳು.

ಮುಂದೆ ನಾನು ದೊಡ್ಡ ಓಟಗಾರನಾದೆ ಎಂದು ಊರಲ್ಲಿ ಸುದ್ದಿಯಾದರೂ ನನ್ನವರು ಯಾರೂ ನನ್ನ ಓಟ ನೋಡಿರಲಿಲ್ಲ. ಎಲ್ಲ ದೂರದ ಊರುಗಳಲ್ಲಿ. ಗೆದ್ದ ಕಪ್ಪು ತಂದು ತೋರಿಸಿದರೆ ಅತ್ತೆ ಅದರೊಳಗೆ ಬೆರಳಾಡಿಸಿ, "ಒಬ್ಬಾವನ ಓಡ್ತೀಯಂತ. ಹಿಂದ ಯಾರೂ ಕಾಣಸೂದಿಲ್ಲಂತ. ಗೆದ್ದಿ ಅಂತ ಹ್ಯಾಂಗ ತಿಳೀತೈತಿ?" ಎಂದು ಕೇಳುತ್ತಿದ್ದಳು. ಗಡಿಯಾರ ನೋಡಿ ಹೇಳುತ್ತಾರೆ ಎಂದರೆ ಅವಳಿಗೆ ಅದೊಂದು ಓಟ ಎನ್ನಿಸುತ್ತಲೇ ಇರಲಿಲ್ಲ.

ಹೀಗಿರುವಾಗ ಒಂದು ವರ್ಷ ನರಗುಂದದಿಂದ ಗಜೇಂದ್ರಗಡದವರೆಗೆ ರ‍್ಯಾಲಿ ಗೊತ್ತಾಯಿತು. ಹಾದಿ ಮುಶಿಗೇರಿಯ ಚಕ್ಕಡಿ ದಾರಿಯ ಮೇಲೇ ಹಾಯುತ್ತಿತ್ತು. ನನಗೆ ಆ ಓಟ ಗೆಲ್ಲಬೇಕಿತ್ತು. ಬೇರೆ ಎಲ್ಲಿ ಸೋತರೂ ಸರಿ, ನಮ್ಮ ಮಣ್ಣಿನಲ್ಲಿ, ಅತ್ತೆಯ ಕಣ್ಣೆದುರು, ಒಂದೇ ಒಂದು ಸಲ ಗೆಲ್ಲಬೇಕು ಎಂಬ ಆಸೆ ಎದೆಯಲ್ಲಿ ಕೂತುಬಿಟ್ಟಿತ್ತು.

ಓಟಕ್ಕೆ ಮೊದಲು ಹಾದಿ ನೋಡಿಕೊಂಡು ಬರಲು ಬಿಡುತ್ತಾರೆ. ನನ್ನ ಪಕ್ಕ ಕೂತು ತಿರುವು ಓದುತ್ತಿದ್ದವನು ಮೈಸೂರಿನ ರಘು. ನಾವು ಸಾವಕಾಶ ಹೋಗುತ್ತಿದ್ದಾಗ ಚಿಗರಿ ಜಿಂಕೆಗಳ ಒಂದು ಹಿಂಡು ನಮ್ಮ ಜೊತೆ ಸ್ವಲ್ಪ ದೂರ ಓಡಿ, ಬೇಸರ ಬಂತೇನೋ, ಒಂದೇ ನೆಗೆತಕ್ಕೆ ಕಾರಿನ ಮುಂದೆ ದಾಟಿ ಹೋಯಿತು. ಗೆದ್ದೆವೆಂದು ಅವು ತಿರುಗಿ ಸಹ ನೋಡಲಿಲ್ಲ. ಅತ್ತೆಯ ಹೊಲದ ಹತ್ತಿರ ಹಾದಿ ಬಲಕ್ಕೆ ಒಮ್ಮೆಲೇ ತಿರುಗುತ್ತದೆ. ಅಲ್ಲಿ ಕಾರು ನಿಲ್ಲಿಸಿದೆವು. ಒಳಬದಿಗೆ ಹೊಲದ ಮೂಲೆ. ಹಿಂದಿನ ಬೆಳೆಯ ಕೂಳೆ, ನಾಲ್ಕಾರು ದಪ್ಪ ಕಲ್ಲು.

"ಸರ್, ಇಲ್ಲಿ ಮೂಲೆ ಕಡಿದು ಒಳಗಿಂದ ಹೋಗ್ಬಹುದು. ಹೊಲ ಖಾಲಿ ಇದೆ. ನಿಯಮದಲ್ಲೇನೂ ಅಡ್ಡಿ ಇಲ್ಲ," ಎಂದ ರಘು.

"ಕಲ್ಲದಾವ. ನೋಡೂನು," ಎಂದೆ. ಮಜ್ಜಿಗೆಯ ಚರಿಗೆ ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದ ಅತ್ತೆ ಮೂಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ನಡುವೆ ಒಳ್ಳೆಯ ಮಳೆಯಾಯಿತು. ಹಿಂಗಾರಿ ಬಿತ್ತನೆಗೆ ಹದ ಬಂದು ರೋಣ ಸೀಮೆಯೆಲ್ಲ ಕೂರಿಗೆ ಹಿಡಿದು ಹೊಲಕ್ಕಿಳಿಯಿತು. ಓಟದ ಬೆಳಿಗ್ಗೆ, ನರಗುಂದಕ್ಕೆ ಹೊರಡುವ ಮೊದಲು, ನಮ್ಮ ಮೆಕ್ಯಾನಿಕ್ಕುಗಳು ಮುಶಿಗೇರಿಯ ಹೊರಗೆ ಕಾರು ನಿಲ್ಲಿಸಿ, ಎಣ್ಣೆ ಮಣ್ಣಿಗೆ ಬೀಳಬಾರದೆಂದು ಕೆಳಗೆ ಟಾರ್ಪಾಲು ಹಾಸಿದ್ದರು. ಅತ್ತೆ ಬಂದು ನೋಡಿ, "ಕೂಸಿಗೆ ಹಾಸಿದಂಗ ಹಾಸ್ಯಾರಲ್ಲ. ಉಚ್ಚಿ ಹೊಯ್ತೈತೇನು ಇದು?" ಎಂದಳು. ನಾನು ನಕ್ಕೆನಾದರೂ, ಒಂದು ಹನಿ ಎಣ್ಣೆಗೆ ಇಷ್ಟು ಕಾಳಜಿ ಮಾಡುವ ನಾವು ಹೊಗೆಯನ್ನು ಎಲ್ಲಿ ಹಾಸಿ ಹಿಡಿಯುತ್ತೇವೆ ಎಂದು ಅನ್ನಿಸದೆ ಇರಲಿಲ್ಲ. ಹೊಟ್ಟೆಪಾಡಿಗೂ ಅಲ್ಲ, ದವಾಖಾನೆಗೂ ಅಲ್ಲ, ಸುಮ್ಮನೆ ಬೇಗ ಹೋಗಲಿಕ್ಕೆ ಟ್ಯಾಂಕುಗಟ್ಟಲೆ ಪೆಟ್ರೋಲು ಸುಡುವವನು ನಾನು. ಮನೆಯಲ್ಲಿ ಮಾತ್ರ ಪ್ಲಾಸ್ಟಿಕ್ ಚೀಲ ತಂದವರಿಗೆ ಭಾಷಣ ಬಿಗಿಯುತ್ತೇನೆ.

ಓಟ ಶುರುವಾಯಿತು. ಕಾರು ಅಂದು ನನ್ನ ಮಾತು ಕೇಳುತ್ತಿತ್ತು. ಮುಶಿಗೇರಿಗೆ ಬರುವ ಹೊತ್ತಿಗೆ ಗಡಿಯಾರದ ಲೆಕ್ಕದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಆ ತಿರುವು ಎದುರಾಯಿತು.

"ಬಲಕ್ಕೆ, ಮೂಲೆ ಕಡಿ. ಕಡಿ, ಕಡಿ," ರಘು ಓದಿದ.

ನೋಡುತ್ತೇನೆ, ಮೂಲೆಯಲ್ಲಿ ಕೂಳೆ ಇಲ್ಲ, ಕಲ್ಲಿಲ್ಲ. ಉಳಿದ ಹೊಲದಂತೆಯೇ ಅದೂ ಕುಂಟೆ ಹೊಡೆಸಿಕೊಂಡು ನುಣ್ಣಗೆ, ಕರ‍್ರಗೆ ಮಲಗಿದೆ. ನಮ್ಮಲ್ಲಿ ಕೂರಿಗೆಯಿಂದ ಬಿತ್ತಿದ ಮೇಲೆ ಬೀಜ ಮುಚ್ಚಲು ಹಿಂದೆಯೇ ಹಗುರವಾಗಿ ಕುಂಟೆ ಹೊಡೆಯುತ್ತಾರೆ. ಮೈಸೂರಿನವನಿಗೆ ಅದು ಖಾಲಿ ಹೊಲ. ನನಗೆ ಒಳಗೆ ಬೀಜ ಮಲಗಿದ ಹೊಲ. ಬದುವಿನ ಮೇಲೆ ಅತ್ತೆ ಕೆಂಪು ಸೆರಗು ಹಿಡಿದು ಜೋರಾಗಿ ಬೀಸುತ್ತಿದ್ದಳು. ಒಳಗೆ ಬರಬೇಡವೋ, ಬಿತ್ತಿದ್ದೇನೆ ಎನ್ನುತ್ತಿದ್ದಾಳೆ ಎಂದುಕೊಂಡೆ. ಮೂಲೆಯೊಳಕ್ಕೆ ಸ್ಟೇರಿಂಗು ತಿರುಗಿಸಲಿಲ್ಲ. ಹಾದಿ ಹಿಡಿದೇ ಸುತ್ತು ಹಾಕಿದೆ. ಹೊರಬದಿಯ ಹಸಿ ಎರೆ ಚಕ್ರಗಳನ್ನು ಹಿಡಿದುಕೊಂಡಿತು. ಕಾರು ಒದ್ದಾಡಿ, ಗುರುಗುಟ್ಟಿ, ಮಣ್ಣೆಲ್ಲ ಮೈಗೆ ಬಳಿದುಕೊಂಡು ಮೇಲೆದ್ದಿತು. ರಘು ಒಂದು ಗಳಿಗೆ ಓದುವುದನ್ನೇ ನಿಲ್ಲಿಸಿ ನನ್ನ ಮುಖ ನೋಡಿದ.

ಗಜೇಂದ್ರಗಡದಲ್ಲಿ ಲೆಕ್ಕ ಹಾಕಿದಾಗ ನಾನು ಎರಡನೆಯವನು. ಕೂದಲೆಳೆಯಷ್ಟು ಅಂತರ. ಆದರೆ ಒಳಗೆಲ್ಲೋ, ಅತ್ತೆ ಹೊಗಳುತ್ತಾಳೆ ಎಂಬ ತಣ್ಣನೆಯ ಸಮಾಧಾನವೂ ಇತ್ತು.

ಸಂಜೆ ಮುಶಿಗೇರಿಗೆ ಬಂದರೆ ಅವಳು ಬದುವಿನ ಮೇಲೆ ಗದ್ದಕ್ಕೆ ಕೈಕೊಟ್ಟು ಕೂತಿದ್ದಳು.

"ಯಾಕ ಒಳಗ ಬರಲಿಲ್ಲೋ ಖೋಡಿ?"

"ಬಿತ್ತೀಯಲ್ಲ ಅತ್ತಿ. ಕುಂಟಿ ಹೊಡದಿದ್ದು ಕಾಣಿಸ್ತು."

"ಯಾರ ಬಿತ್ತ್ಯಾರ? ಉಳಿದಿದ್ದ ಹೊಲ ಬಿತ್ತಿ, ಮೂಲಿ ನಿನ್ನ ಸಲುವಾಗಿ ಬಿಟ್ಟಿದ್ದೆ. ಕಲ್ಲ ಆರಿಸಿ, ಕೂಳಿ ಕಿತ್ತು, ಗಾಡಿ ಕುಣೀಬಾರದಂತ ಎರಡ ಸರತಿ ಕುಂಟಿ ಹೊಡಿಸಿದ್ದೆ. ಬಾ ಬಾ ಅಂತ ಸೆರಗ ಬೀಸಿ ಬೀಸಿ ರಟ್ಟಿ ನೋಯಾಕತ್ಯಾವ."

ನಾನು ಮೂಲೆಯ ಕಡೆ ನೋಡಿದೆ. ನನ್ನ ಹಿಂದೆ ಬಂದ ಕಾರುಗಳು ಸಂಕೋಚವಿಲ್ಲದೆ ಅದರ ಮೇಲೆ ಹಾದು ಹೋಗಿದ್ದವು. ಗೆದ್ದವನ ಚಕ್ರದ ಗುರುತೂ ಅಲ್ಲೇ ಇತ್ತು, ಎಷ್ಟು ಸಲೀಸಾಗಿ ಹೋಗಿದ್ದನೋ. ನನಗೆ ನಗು ಬಂತು. ಅತ್ತೆಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳಿಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಎತ್ತಿನ ಕಾಲನ್ನೂ ಬೆಳೆಗೆ ಸೋಕಿಸದವಳು ಹದ ಬಂದ ಹೊಲದಲ್ಲಿ ನನಗಾಗಿ ಒಂದು ಮೂಲೆ ಬಿಟ್ಟಿದ್ದಳು. ಯಾವ ಕಪ್ಪೂ ನನ್ನನ್ನು ಅಷ್ಟು ಹಿಗ್ಗಿಸಿಲ್ಲ.

ಅಂದಿನಿಂದ ಪ್ರತಿ ಹಿಂಗಾರಿಯಲ್ಲಿ ಅವಳ ಫೋನು ಬರುತ್ತದೆ. ಕುಶಲ ವಿಚಾರಿಸುವುದಿಲ್ಲ. "ಮೂಲಿ ಬಿಡ್ಲೋ, ಬಿತ್ಲೋ?" ಇಷ್ಟೇ. "ಬಿಡು ಅತ್ತಿ, ಈ ವರ್ಷ ಓಟ ಬರಬಹುದು," ಎನ್ನುತ್ತಿದ್ದೆ. ಓಟ ಬರಲಿಲ್ಲ. ಮೂಲೆಯಲ್ಲಿ ಹುಲ್ಲು ಬಂತು, ಚಿಗರಿಗಳು ಬಂದು ಮಲಗಿ ಹೋದವು. ನಾನೂ ಓಟ ನಿಲ್ಲಿಸಿ ಕಾರಿಗೆ ಟಾರ್ಪಾಲು ಹೊದಿಸಿದೆ. ಆದರೂ "ಬಿಡು" ಎನ್ನುತ್ತಲೇ ಇದ್ದೆ. ಸೋತ ಓಟವನ್ನು ಇನ್ನೊಮ್ಮೆ ಓಡುವ ಆಸೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

ಈ ವರ್ಷ ಓಟ ನಿಜಕ್ಕೂ ಬರುತ್ತಿದೆ. ಹಾದಿ ತೋರಿಸಿಕೊಡಿ ಎಂದು ಓಟ ನಡೆಸುವವರು ನನ್ನನ್ನೇ ಕೇಳಿದರು. ಬಿತ್ತನೆಯ ಹೊತ್ತಿನಲ್ಲಿ ಎರೆಯ ಮೇಲೆ ಕಾರು ಬೇಡ, ಗಜೇಂದ್ರಗಡದ ಹಳೆಯ ಕಲ್ಲು ಕ್ವಾರಿಯ ದಾರಿ ಹಿಡಿಯಿರಿ ಎಂದು ನಾನೇ ಹೇಳಿಬಿಟ್ಟೆ. ಹೇಳಿದ್ದು ಸರಿ ಎಂದು ಗೊತ್ತು. ಅತ್ತೆಗೆ ಹೇಗೆ ಹೇಳುವುದು ಎಂಬುದು ಮಾತ್ರ ಗೊತ್ತಿರಲಿಲ್ಲ. ಕಾರು ತೊಳೆಯಲು ನಿಂತದ್ದೇ ಆ ಚಿಂತೆಗೆ. ಹೆಂಟೆ ಇನ್ನೂ ಕೈಯಲ್ಲಿರುವಾಗಲೇ ಫೋನು ಬಂತು.

"ಮೂಲಿ ಬಿಡ್ಲೋ, ಬಿತ್ಲೋ?"

"ಬಿತ್ತು ಅತ್ತಿ," ಎಂದೆ. ಎಲ್ಲ ಹೇಳಿದೆ.

"ಹಂಗಾರ ನೀ ಗೆಲ್ಲೂದು?"

"ಆತಲ್ಲ ಅತ್ತಿ, ಗೆದ್ದಿದ್ದು ಆಗೇತಿ. ಬಿತ್ತೂ ದಿನ ನಾನೂ ಬರ್ತೀನಿ, ಕುಂಟಿ ನಾ ಹೊಡೀತೀನಿ."

"ನೀ ಬ್ಯಾಡಪಾ. ಬಿತ್ತಿದ್ದ ಯಾವುದು, ಬಿತ್ತಲಾರದ್ದ ಯಾವುದು, ನಿನಗ ತಿಳಿಯೂದಿಲ್ಲ," ಎಂದು ಫೋನು ಇಟ್ಟಳು.

ಆದರೂ ಹೋದೆ. ರೋಣದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಎಲ್ಲರೂ ನಮ್ಮನ್ನು ದಾಟಿ ಹೋಗುವುದನ್ನು ನೋಡುತ್ತ. ಕಾಗದದಲ್ಲಿ ಸುತ್ತಿ ತಂದ ಹೆಂಟೆಯನ್ನು ಮೂಲೆಗೆ ಒಗೆದೆ. ಹುಲ್ಲು ತೆಗೆಸಿ, ಮೂಲೆ ಹರಗಿಸಿ ಕಾದಿದ್ದ ಅತ್ತೆ ಕಡಲೆ ಬಿತ್ತಿಸಿ, ಎತ್ತಿನ ಹಗ್ಗ ನನ್ನ ಕೈಗೆ ಕೊಟ್ಟಳು. ಹಳೆಯ ಚಾಳಿ, ಕುಂಟೆಯ ಹಿಂದೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನಾನು ಅವಸರ ಮಾಡತೊಡಗಿದ್ದೆ. ಬದುವಿನ ಮೇಲೆ ಕೂತವಳು ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿಯ ಕಡೆ ಒಮ್ಮೆ ನೋಡಿದಳು.

"ಸಾವಕಾಶ ಹೊಡಿ ತಮ್ಮಾ," ಎಂದಳು. "ಹಿಂದ ಯಾರೂ ಬರಾಕತ್ತಿಲ್ಲ."