ಮಂಜಿನಲ್ಲಿ ಇಬ್ಬರೂ ದಾರಿ ಬಿಟ್ಟಾಗ

ಕಳೆದ ವಾರ ವಿಮಾನದ ಪೈಲಟ್ ಒಬ್ಬಳು ತನ್ನ ತಂದೆಯ ಜೀಪಿಗೆ ಕಾರನ್ನು ತಾಗಿಸಿದಳು. ಅವಳ ಪಕ್ಕದ ಸೀಟಿನಲ್ಲಿ ನಾನಿದ್ದೆ.

ಯಾರಿಗೂ ಪೆಟ್ಟಾಗಲಿಲ್ಲ. ಬಂಪರ್ ತುಸು ಒಳಕ್ಕೆ ಹೋಯಿತು, ಅಷ್ಟೆ. ಆದರೂ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎದುರುಬದುರಾದ ಎರಡು ವಿಮಾನಗಳು ಒಂದಕ್ಕೊಂದು ತಾಗದೆ ಹೇಗೆ ಪಾರಾಗುತ್ತವೆ ಎಂಬುದನ್ನು ಅವಳು ನನಗೆ ಆ ರಜೆಯಲ್ಲೇ ವಿವರಿಸಿ ಮುಗಿಸಿದ್ದಳು!

ಹುಡುಗಿಯ ಹೆಸರು ಲಿಖಿತಾ. ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಮಡಿಕೇರಿಯ ಕೆಳಗಿನ ಇಳಿಜಾರಿನಲ್ಲಿ ಸಣ್ಣದೊಂದು ಕಾಫಿ ಎಸ್ಟೇಟ್ ನೋಡಿಕೊಳ್ಳುವ ನನ್ನ ಗೆಳೆಯ ಮೊಣ್ಣಪ್ಪನವರ ಒಬ್ಬಳೇ ಮಗಳು. ಪ್ರಯಾಣಿಕ ವಿಮಾನದಲ್ಲಿ ಫಸ್ಟ್ ಆಫೀಸರ್, ಎಂದರೆ ಸಹಪೈಲಟ್. ರಜೆಯಲ್ಲಿ ಬಂದಿದ್ದಳು. ಅವಳ ಜೊತೆಗೆ ಒಂದು ಸುದ್ದಿಯೂ ಬಂದಿತ್ತು. ಆ ಸುದ್ದಿ ಮನೆಯ ನೆಮ್ಮದಿಯನ್ನು ಕದಡಿತ್ತು.

ನಡೆದದ್ದು ಇಷ್ಟು. ಮೋಡಗಳ ಮೇಲೆ, ಸಂಜೆಯ ಬೆಳಕಿನಲ್ಲಿ, ವಿಮಾನ ಅವಳ ಕೈಯಲ್ಲಿತ್ತು. ಕಾಕ್‌ಪಿಟ್‌ನ ಯಂತ್ರ ಇದ್ದಕ್ಕಿದ್ದಂತೆ ‘ಟ್ರಾಫಿಕ್, ಟ್ರಾಫಿಕ್’ ಎಂದಿತು. ಸಮೀಪದಲ್ಲಿ ಇನ್ನೊಂದು ವಿಮಾನವಿದೆ ಎಂದರ್ಥ. ನೆಲದ ಮೇಲಿನ ಕಂಟ್ರೋಲರ್ ಕೆಳಗಿಳಿಯಲು ಹೇಳಿದರು. ಅದೇ ಹೊತ್ತಿಗೆ ಯಂತ್ರ ‘ಕ್ಲೈಂಬ್, ಕ್ಲೈಂಬ್’, ಮೇಲೇರು ಎಂದಿತು.

ಯಾರ ಮಾತು ಕೇಳಬೇಕು?

ಯಂತ್ರದ್ದು. ನಿಯಮ ಹಾಗೆಯೇ ಇದೆ. ಎರಡು ವಿಮಾನಗಳ ಯಂತ್ರಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮೊಳಗೆ ಮಾತಾಡಿಕೊಂಡು, ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಕಳಿಸುತ್ತವೆ. ಲಿಖಿತಾ ಆಟೋಪೈಲಟ್ ಬಿಡಿಸಿ, ವಿಮಾನದ ಮೂತಿಯನ್ನು ಮೆಲ್ಲನೆ ಮೇಲೆತ್ತಿದಳು. ಯಂತ್ರದ ಮಾತಿನಂತೆ ಹೋಗುತ್ತಿದ್ದೇವೆ ಎಂದು ಪಕ್ಕದಲ್ಲಿದ್ದ ಕ್ಯಾಪ್ಟನ್ ಕಂಟ್ರೋಲರ್‌ಗೆ ತಿಳಿಸಿದರು. ಕೆಳಗೆ, ಮೋಡದ ಅಂಚಿನಲ್ಲಿ, ಒಂದು ದೀಪ ಹಾದುಹೋಯಿತು. ಸಮುದ್ರದ ತಳದಲ್ಲಿ ಮೀನೊಂದು ಹೊಳೆದು ಮರೆಯಾದ ಹಾಗಿತ್ತು ಎಂದಳು. ಹಿಂದೆ ಕುಳಿತ ಪ್ರಯಾಣಿಕರಿಗೆ ಕಪ್ಪಿನ ಕಾಫಿ ತುಳುಕಿದ್ದಷ್ಟೇ ಗೊತ್ತು.

ಅವಳು ಮಾಡಿದ್ದು ಸರಿ ಎಂದು ವಿಚಾರಣೆ ನಡೆಸಿದವರೂ ಬರೆದುಕೊಟ್ಟರು. ಮೊಣ್ಣಪ್ಪನವರು ಮಾತ್ರ ಒಪ್ಪಲಿಲ್ಲ.

“ಆರ್ಡರ್ ಕೊಟ್ಟದ್ದು ಮನುಷ್ಯ. ಇವಳು ಪೆಟ್ಟಿಗೆ ಮಾತು ಕೇಳಿದಳು. ಎಂತ ಶಿಸ್ತು ಇದು, ಹೇಳಿ ಸಾರ್?” ಎಂದು ನನ್ನನ್ನು ಪಂಚಾಯಿತಿಗೆ ಎಳೆದರು.

ಅದು ಶಿಸ್ತಿನ ಪ್ರಶ್ನೆಯಲ್ಲ ಎಂಬುದು ಜಗಲಿಯಲ್ಲಿ ಕುಳಿತಿದ್ದ ಎಲ್ಲರಿಗೂ ಗೊತ್ತಿತ್ತು. ಸುಬೇದಾರರು ಹೆದರಿದ್ದರು. ಹೆದರಿಕೆ ಎಂಬ ಪದ ಅವರ ಬಾಯಿಗೆ ಬಾರದು, ಆದ್ದರಿಂದ ಶಿಸ್ತು ಎನ್ನುತ್ತಿದ್ದರು. ಹಾರಾಟ ಬಿಟ್ಟು ನೆಲದ ಮೇಲಿನ ಹುದ್ದೆ ಕೇಳು ಎಂದು ಹಟ ಹಿಡಿದರು. ಅಪ್ಪನ ಮಾತಿಗೆ ಎಂದೂ ಎದುರಾಡದ ಮಗಳು, ಡ್ಯೂಟಿಗೆ ಮರಳಿದ ಮೇಲೆ ಅರ್ಜಿ ಕೊಡುತ್ತೇನೆ ಎಂದು ತಲೆಯಾಡಿಸಿಬಿಟ್ಟಳು. ಆಮೇಲೆ ಅಂಗಳಕ್ಕಿಳಿದು ಬಹಳ ಹೊತ್ತು ಮೇಲೆ ನೋಡುತ್ತಾ ನಿಂತಿದ್ದಳು.

ಸಂಶೋಧಕನ ಹಳೆಯ ಚಾಳಿ ನನ್ನನ್ನು ಸುಮ್ಮನಿರಗೊಡಲಿಲ್ಲ. ಈ ನಿಯಮ ಇಷ್ಟು ಬಿಗಿಯಾದದ್ದು ಯಾವಾಗಿನಿಂದ? ಹುಡುಕಿದೆ. ಹಿಂದೊಮ್ಮೆ ಯುರೋಪಿನ ಆಕಾಶದಲ್ಲಿ ಎರಡು ವಿಮಾನಗಳು ಎದುರಾಗಿದ್ದವು. ಒಂದರ ಪೈಲಟ್‌ಗಳು ಯಂತ್ರದ ಮಾತಿನಂತೆ ಇಳಿದರು. ಇನ್ನೊಂದರವರು, ತಮ್ಮ ಯಂತ್ರ ಏರಲು ಹೇಳುತ್ತಿದ್ದರೂ, ಕಂಟ್ರೋಲರ್ ಮಾತಿನಂತೆ ಇಳಿದರು. ಇಬ್ಬರೂ ವಿಧೇಯರೇ. ಇಬ್ಬರೂ ಇಳಿದರು. ಒಬ್ಬರೂ ಉಳಿಯಲಿಲ್ಲ. (ದಿನಾಂಕವನ್ನು ಅಲ್ಲಿನ ಮತ್ತು ನಮ್ಮ ವರದಿಗಳಲ್ಲಿ ತಾಳೆ ನೋಡಿದಾಗ ಒಂದು ದಿನದ ವ್ಯತ್ಯಾಸ ಕಂಡು ಗಾಬರಿಯಾದೆ. ಅಲ್ಲಿ ಇನ್ನೂ ರಾತ್ರಿಯಿದ್ದಾಗ ನಮ್ಮಲ್ಲಿ ತಾರೀಖು ಬದಲಾಗಿತ್ತು, ಅಷ್ಟೆ. ತಪ್ಪು ಯಾರದ್ದೂ ಅಲ್ಲ.)

ಇದನ್ನು ಮೊಣ್ಣಪ್ಪನವರಿಗೆ ಹೇಳಲು ಧೈರ್ಯ ಬರಲಿಲ್ಲ. ಹೆದರಿದ ತಂದೆಗೆ ಅಪಘಾತದ ಕಥೆ ಹೇಳುವುದು ಯಾವ ಸೀಮೆಯ ಸಮಾಧಾನ?

ಲಿಖಿತಾ ಡ್ಯೂಟಿಗೆ ಹೊರಡುವ ಬೆಳಿಗ್ಗೆ ಅವರು ಮನೆಯಲ್ಲಿರಲಿಲ್ಲ. ಜೀಪು ತೆಗೆದುಕೊಂಡು ಪೇಟೆಗೆ ಹೋಗಿದ್ದಾರೆ ಎಂದು ಅವರ ಹೆಂಡತಿ ಹೇಳಿದರು. ಮಗಳು ಹೊರಡುವುದನ್ನು ನೋಡಲಾರದೆ ಹೋಗಿದ್ದಾರೆಂದು ನಾನು ಭಾವಿಸಿದೆ. ಮಡಿಕೇರಿಯವರೆಗೆ ನಾನೂ ಲಿಖಿತಾಳ ಕಾರು ಹತ್ತಿದೆ.

ಹೂಮಳೆ ಬಿದ್ದು ಕೆಲವೇ ದಿನಗಳಾಗಿದ್ದವು. ಕಾಫಿ ಗಿಡಗಳು ರೆಂಬೆ ಕಾಣದಂತೆ ಹೂ ಬಿಟ್ಟಿದ್ದವು. ಅದರ ಮೇಲೆ ಮಂಜು. ಎಲ್ಲಿ ಹೂ ಮುಗಿದು ಎಲ್ಲಿ ಮಂಜು ಶುರುವಾಗುತ್ತದೆಂದು ಹೇಳುವಂತಿರಲಿಲ್ಲ. ಗಾಜು ಇಳಿಸಿದರೆ ಮಲ್ಲಿಗೆಯಂಥ ಪರಿಮಳ. ಕಾರು ರಸ್ತೆಯ ಮೇಲಿದೆಯೋ ತೇಲುತ್ತಿದೆಯೋ?

“ಮೇಲೆಯೂ ಹೀಗೇ ಅಂಕಲ್,” ಎಂದಳು ಅವಳು. “ಒಳ್ಳೆ ದಿನಗಳಲ್ಲಿ.”

ಆಗ ಕಂಡಿತು, ಮಂಜಿನೊಳಗೆ ಎರಡು ಹಳದಿ ಕಣ್ಣು. ಮೇಲಿನಿಂದ ಮೊಣ್ಣಪ್ಪನವರ ಜೀಪು ಇಳಿಯುತ್ತಿತ್ತು.

ಎಸ್ಟೇಟಿನ ಆ ದಾರಿಯಲ್ಲಿ ಒಂದು ಗಾಡಿಗಷ್ಟೇ ಜಾಗ. ತಿರುವಿನಲ್ಲಿ ಮಾತ್ರ, ಬೆಟ್ಟದ ಬದಿಯ ದರೆ ಕಡಿದು ಮಾಡಿದ ಒಂದು ತಂಗು ಜಾಗವಿದೆ. ಒಬ್ಬರು ಅಲ್ಲಿ ಸರಿದು ನಿಂತರೆ ಇನ್ನೊಬ್ಬರು ಹೋಗಬಹುದು. ಬೆಟ್ಟದ ರಸ್ತೆಯ ನಿಯಮದ ಪ್ರಕಾರ, ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ನಮ್ಮ ಕಡೆಯ ಮನೆಗಳ ರೂಢಿಯ ಪ್ರಕಾರ, ಹಿರಿಯರಿಗೆ ಕಿರಿಯರು ದಾರಿ ಬಿಡಬೇಕು. ಅಪ್ಪ ನಿಯಮದಂತೆ ಆ ಜಾಗಕ್ಕೆ ತಿರುಗಿಸಿದರು. ಮಗಳು ರೂಢಿಯಂತೆ ಅಲ್ಲಿಗೇ ತಿರುಗಿಸಿದಳು.

ಟಕ್.

ಮೂವರೂ ಕೆಳಗಿಳಿದೆವು. ರಸ್ತೆ ಪೂರ್ತಿ ಖಾಲಿಯಾಗಿ, ಬೆಳ್ಳಗೆ ಬಿದ್ದುಕೊಂಡಿತ್ತು. ಮೊಣ್ಣಪ್ಪನವರು ಬಂಪರನ್ನು ನೋಡಿದರು, ರಸ್ತೆಯನ್ನು ನೋಡಿದರು. “ಪ್ಲೇನ್ ಓಡಿಸುವವಳು ಇವಳು,” ಎಂದು ನನ್ನೊಡನೆ ದೂರಿ, ಮಗಳ ಕಡೆ ತಿರುಗಿದರು. “ಹತ್ತುವವಳು ನೀನಲ್ವಾ? ಇಲ್ಲಿಗೆ ಎಂತಕ್ಕೆ ನುಗ್ಗಿದ್ದು?”

“ನೀವು ಅಂತ ಗೊತ್ತಾಯ್ತು ಅಪ್ಪ. ಅದಕ್ಕೆ ದಾರಿ ಬಿಟ್ಟೆ.”

“ನಾನೂ ನಿನಗೆ ಬಿಟ್ಟದ್ದೇ.”

ಯಾರೂ ನಗಲಿಲ್ಲ. ಹೂವಿನ ಮೇಲಿಂದ ಹನಿ ಬೀಳುವುದು ಕೇಳಿಸುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಗಳು ಮೆಲ್ಲನೆ ಹೇಳಿದಳು: “ಅಪ್ಪ, ಅವತ್ತು ಮೇಲೆ ನಾನೂ ಹೀಗೆ ಮರ್ಯಾದೆಗೆ ಕಂಟ್ರೋಲರ್ ಮಾತು ಕೇಳಿ ಇಳಿದಿದ್ದರೆ, ಎದುರಿನ ಪ್ಲೇನಿನವರೂ ಇಳೀತಿದ್ದರು. ಅವರ ಪೆಟ್ಟಿಗೆ ಅವರಿಗೆ ಇಳಿಯೋದಕ್ಕೇ ಹೇಳಿತ್ತು.”

ಸುಬೇದಾರರು ತಗ್ಗಿದ ಬಂಪರಿನ ಮೇಲೆ ಕೈಯಿಟ್ಟು, ಜ್ವರ ನೋಡುವವರಂತೆ ನಿಂತರು. ಆಮೇಲೆ, “ಈಗ ಹೇಳು. ಯಾರು ಮೊದಲು?” ಎಂದರು. ಮಗಳನ್ನು ಅವರು ಹಾಗೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ನೀವು ನಿಲ್ಲಿ. ನಾನು ಹತ್ತುತ್ತೇನೆ.”

“ಆಯ್ತು ಮೇಡಂ.”

ಅವಳು ಕಾರನ್ನು ಹಿಂದಕ್ಕೆ ತೆಗೆದು, ರಸ್ತೆಗೆ ಬಂದು, ಜೀಪಿನ ಪಕ್ಕದಿಂದ ಮೆಲ್ಲನೆ ಹತ್ತಿಸಿದಳು. ಕಿಟಕಿಯ ಬಳಿ ಅವರು ಕೈ ಅಡ್ಡ ಹಿಡಿದರು. ಮಗಳಿಗೆಂದು ಪೇಟೆಯಿಂದ ತಂದಿದ್ದ ಹಂದಿಮಾಂಸದ ಉಪ್ಪಿನಕಾಯಿಯ ಬಾಟಲಿಯನ್ನು ನನ್ನ ತೊಡೆಯ ಮೇಲಿಟ್ಟರು. ಹೋದದ್ದು ಅದಕ್ಕೆ! ಆಮೇಲೆ ಮಗಳ ಕಡೆ ನೋಡದೆ, ಕಾಫಿ ಹೂವಿಗೆ ಹೇಳುವವರಂತೆ ಹೇಳಿದರು: “ಆ ಅರ್ಜಿ ಕೊಡ್ಬೇಡ.”

ಕನ್ನಡಿಯಲ್ಲಿ ಸ್ವಲ್ಪ ಹೊತ್ತು ಜೀಪಿನ ಹಿಂದಿನ ಕೆಂಪು ದೀಪಗಳು ಕಂಡವು. ನಂತರ ಮಂಜು. ನಾವು ಹತ್ತುತ್ತಲೇ ಇದ್ದೆವು.

ಅಪರಿಚಿತ ವಿಮಾನಗಳ ಎರಡು ಪೆಟ್ಟಿಗೆಗಳು ಕ್ಷಣದಲ್ಲಿ ಆಡಿ ಮುಗಿಸುವ ಮಾತನ್ನು ಒಂದೇ ಮನೆಯ ಇಬ್ಬರು ಆಡಬೇಕಾದರೆ, ಒಂದು ಬಂಪರ್ ನಜ್ಜಾಗಲೇಬೇಕೆ?