ಗೇಟ್ ರತ್ನಮ್ಮನ ಹೆಸರು

ತೊಂಡೇಬಾವಿಯಲ್ಲಿ ಇಳಿದು ವೆಂಕಟರತ್ನಮ್ಮನ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೇಟ್ ರತ್ನಮ್ಮ ಎಂದರೆ ಕೈಹಿಡಿದು ಬಾಗಿಲ ತನಕ ಬಿಟ್ಟುಬರುತ್ತಾರೆ. ಆಕೆ ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ರೈಲ್ವೆ ಗೇಟಿನ ಪಕ್ಕದಲ್ಲೇ ಮನೆ. ಗೇಟು ಬಿದ್ದಾಗ ನಿಂತ ಲಾರಿ, ಟ್ರ್ಯಾಕ್ಟರಿನವರಿಗೆ ಹುಚ್ಚೆಳ್ಳು ಚಟ್ನಿಪುಡಿ ಮಾರಿಯೇ ಮಗಳನ್ನು ಓದಿಸಿದಳು. ಆ ಹೆಸರು ಆಕೆ ಇಟ್ಟುಕೊಂಡದ್ದಲ್ಲ, ಲಾರಿಯವರು ಇಟ್ಟದ್ದು.

ಪುಡಿಯ ವಿಷಯದಲ್ಲಿ ದೊಡ್ಡಮ್ಮನಿಗೆ ಜಂಬ ಇತ್ತು. ಹುಚ್ಚೆಳ್ಳು ಹುರಿಯುವುದನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಬಾಣಲೆ ಸ್ವಲ್ಪ ಜಾಸ್ತಿ ಕಾದರೂ ಕಹಿಯಾಗುತ್ತದೆ. ಹಾಗೆ ಸೀದದ್ದನ್ನು ತಿಪ್ಪೆಗೆ ಸುರಿಯುತ್ತಿದ್ದಳೇ ಹೊರತು ಯಾರಿಗೂ ಕಟ್ಟಿಕೊಟ್ಟವಳಲ್ಲ. ನಾನೊಮ್ಮೆ ಬೆಳ್ಳುಳ್ಳಿ ಜಾಸ್ತಿಯಾಯಿತು ಅಂದದ್ದಕ್ಕೆ ಹಬ್ಬ ಬರುವ ತನಕ ನನ್ನನ್ನು ಮಾತಾಡಿಸಲಿಲ್ಲ.

ಹೋದ ವರ್ಷ ಗೇಟು ತೆಗೆದು ಕೆಳಸೇತುವೆ ಮಾಡಿದರು. ಗಾಡಿಗಳು ನಿಲ್ಲುವುದು ತಪ್ಪಿತು, ವ್ಯಾಪಾರ ಕುಸಿಯಿತು. ಮಗಳು ಶಿರೀಷಾ ಬಿ.ಕಾಂ. ಓದಿದವಳು, ಸುಮ್ಮನೆ ಕೂರುವ ಪೈಕಿ ಅಲ್ಲ. ಗೇಟ್‌ರತ್ನಮ್ಮ ಡಾಟ್ ಇನ್ ಅಂತ ವೆಬ್ ವಿಳಾಸವೊಂದನ್ನು ಫೋನಿನಲ್ಲೇ ಕೊಂಡಳು. ಆ ಹೆಸರು ಖಾಲಿ ಇದೆ ಎಂದು ಫೋನೇ ಹೇಳಿತ್ತು. ವಿಳಾಸ ಖಾಲಿ ಇದ್ದ ಮಾತ್ರಕ್ಕೆ ಹೆಸರು ಖಾಲಿ ಇರುವುದಿಲ್ಲ ಎಂದು ಪಾಪ, ಆ ಹುಡುಗಿಗೆ ಯಾರು ಹೇಳಬೇಕಿತ್ತು? ನಾನು ಗೌರಿಬಿದನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ನನಗೇ ಗೊತ್ತಿರಲಿಲ್ಲ.

ಆರ್ಡರುಗಳು ಬರತೊಡಗಿದವು. ಹಿಂದೆಯೇ ಬೆಂಗಳೂರಿನ ಒಂದು ಮಸಾಲೆ ಕಂಪನಿಯ ನೋಟಿಸೂ ಬಂತು. ‘ಗೇಟ್ ರತ್ನಮ್ಮ’ ಎಂಬುದು ಅವರ ನೋಂದಾಯಿತ ಟ್ರೇಡ್‌ಮಾರ್ಕ್ ಅಂತೆ. ಶಿರೀಷಾ ಅದನ್ನು ಕದ್ದು ವಿಳಾಸ ಮಾಡಿಕೊಂಡಿದ್ದಾಳಂತೆ, ಬಿಟ್ಟುಕೊಡದಿದ್ದರೆ ಕೇಸು ಹಾಕುತ್ತಾರಂತೆ. ಗೇಟಿನಲ್ಲಿ ನಿಂತು ಪುಡಿ ತಿಂದು ಹೋದ ಯಾರೋ ಒಬ್ಬರು ಹೆಸರನ್ನೂ ಎತ್ತಿಕೊಂಡು ಹೋಗಿದ್ದಾರೆ ಎನ್ನುವುದು ನನ್ನ ಗುಮಾನಿ. ನನಗೆ ಮೈಯೆಲ್ಲ ಉರಿದುಹೋಯಿತು.

ಮೂವರೂ ಗೌರಿಬಿದನೂರಿನ ವಕೀಲ ಹರಿಕೃಷ್ಣ ಅವರ ಹತ್ತಿರ ಹೋದೆವು. ಒಳ್ಳೆಯ ಮನುಷ್ಯ, ಸಮಾಧಾನವಾಗಿ ಕೇಳಿದರು.

“ಎಷ್ಟು ದಿನದಿಂದ ಈ ಹೆಸರಲ್ಲಿ ಮಾರ್ತಾ ಇದ್ದೀರಮ್ಮ?”

“ಇವಳು ಹುಟ್ಟಾಕೆ ಮುಂಚಿಂದ.”

“ಹಂಗಾದ್ರೆ ಹೆಸರು ಮೊದಲು ನಿಮ್ಮದೇ, ಕಾನೂನು ಅದನ್ನ ಒಪ್ಪತ್ತೆ. ಆದ್ರೆ ತೋರಿಸಬೇಕಲ್ಲ? ಒಂದು ಹಳೇ ಬೋರ್ಡು?”

“ನಮ್ಮನೇಗೆ ನಾನ್ಯಾಕಪ್ಪ ಬೋರ್ಡು ಹಾಕ್ಲಿ?”

“ಬಿಲ್ಲು, ಚೀಟಿ, ಕವರ್ರು?”

“ಪೇಪರ್‌ನಾಗೆ ಕಟ್ಟಿಕೊಡ್ತಿದ್ದೆ.”

ಆಧಾರಿನಲ್ಲಿ ವೆಂಕಟರತ್ನಮ್ಮ. ಪಡಿತರ ಚೀಟಿಯಲ್ಲೂ ಅದೇ. ಗೇಟ್ ರತ್ನಮ್ಮ ಇದ್ದದ್ದು ಜನರ ಬಾಯಲ್ಲಿ ಮಾತ್ರ. ಗುರುತಿಗೆ ತೋರಿಸೋಣವೆಂದರೆ ಗೇಟೂ ಇಲ್ಲ.

“ಊರೆಲ್ಲ ಸಾಕ್ಷಿ ಹೇಳ್ತದೆ ಸಾರ್,” ಅಂದೆ.

“ಹೇಳಿಸಣ. ಬೆಂಗಳೂರು ಕೋರ್ಟಿಗೆ ಬರಬೇಕು, ವರ್ಷಾನುಗಟ್ಟಲೆ ಎಳೀತದೆ. ಇನ್ನೊಂದು, ವಿಳಾಸ ಈ ಹುಡುಗಿ ಹೆಸರಲ್ಲಿದೆ. ಕೇಸು ಅವಳ ಮೇಲೇ ಬರೋದು.”

ದೊಡ್ಡಮ್ಮ ಅಲ್ಲಿಯ ತನಕ ಗಟ್ಟಿಯಾಗಿ ಕೂತಿದ್ದಳು. ಮಗಳಿಗೆ ಪೆರೇಸಂದ್ರದ ಕಡೆಯಿಂದ ಸಂಬಂಧ ಕೂಡಿಬರುತ್ತಿತ್ತು. ಹುಡುಗಿಯ ಮೇಲೆ ಕಳ್ಳತನದ ಕೇಸಿದೆ ಅಂತ ಒಂದು ಮಾತು ಅಲ್ಲಿಗೆ ಮುಟ್ಟಿದರೆ ಮುಗಿಯಿತು. ಆಕೆ ವಕೀಲರ ಪೆನ್ನಿಗೇ ಕೈ ಚಾಚಿದಳು. ವಿಳಾಸ ಅವರಿಗೆ ಬಿಟ್ಟುಕೊಡುತ್ತೇವೆ, ಆ ಹೆಸರು ನಮ್ಮದೆಂದು ಎಲ್ಲೂ ಹೇಳಿಕೊಳ್ಳುವುದಿಲ್ಲ ಎಂದು ತಾಯಿ ಮಗಳು ಇಬ್ಬರೂ ಸಹಿ ಹಾಕಿದರು. ಬಸ್ಸಿನಲ್ಲಿ ಶಿರೀಷಾ ದಾರಿಯುದ್ದಕ್ಕೂ ಅತ್ತಳು. ನನ್ನ ಕೈಯಲ್ಲಿ ಏನೂ ಆಗಲಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಮೊನ್ನೆ ನಾನು ಅಲ್ಲಿಗೆ ಹೋಗಿದ್ದಾಗ ಮನೆ ಮುಂದೆ ಒಂದು ಲಾರಿ ನಿಂತಿತು. ಇಳಿದವನು ಚಿಂತಾಮಣಿಯ ಮುನಿಗಂಗಪ್ಪ. ಗೇಟಿದ್ದ ಕಾಲದಲ್ಲಿ ಬಂದಾಗಲೆಲ್ಲ ಕಲ್ಲುಬೆಂಚಿನ ಮೇಲೆ ಕೂತು ಮುದ್ದೆ ಬುತ್ತಿ ಬಿಚ್ಚಿ ದೊಡ್ಡಮ್ಮನ ಪುಡಿ ನಂಚಿಕೊಂಡು ಉಣ್ಣುತ್ತಿದ್ದ ಡ್ರೈವರ್. ಕೈಯಲ್ಲಿ ಚಟ್ನಿಪುಡಿಯ ಹೊಳೆಯುವ ಪ್ಯಾಕೆಟ್ಟು, ಅದರ ಮೇಲೆ ಯಾವುದೋ ಮುದುಕಿಯ ಚಿತ್ರ, ಹಿಂದೆ ರೈಲ್ವೆ ಗೇಟು.

“ರತ್ನಕ್ಕ, ಅಂಗಡೀಲಿ ನಿನ್ನ ಹೆಸರು ನೋಡಿ ಖುಷಿಯಾಗಿ ತಗಂಡೆ. ಯಾಕಕ್ಕ ಹಿಂಗೆ ಮಾಡ್ದೆ? ಬಾಯಿಗಿಡಾಕಾಗಲ್ಲ.”

ದೊಡ್ಡಮ್ಮ ಪ್ಯಾಕೆಟ್ಟನ್ನೇ ನೋಡುತ್ತಾ ನಿಂತಳು.

“ಅದು ನಂದಲ್ಲಪ್ಪ. ಗೇಟ್ ರತ್ನಮ್ಮ ನಾನಲ್ಲ.”

ಮುನಿಗಂಗಪ್ಪ ತಮಾಷೆ ಎಂದುಕೊಂಡು ನಕ್ಕ. ಆಕೆ ನಗಲಿಲ್ಲ. ಅವನ ಮುಖ ಸಣ್ಣಗಾಯಿತು.

“ದೊಡ್ಡೋಳಾಗ್ಬಿಟ್ಟೆ ಬಿಡಕ್ಕ. ಇನ್ನ ನಮ್ಮಂಥೋರ ಗುರ್ತು ಎಲ್ಲಿ ಹತ್ತುತ್ತೆ,” ಅಂದು ಪ್ಯಾಕೆಟ್ಟನ್ನು ಬೆಂಚಿನ ಮೇಲಿಟ್ಟು ಹೊರಟ.

ನಿಜ ಹೇಳಿಬಿಡೋಣವೆಂದು ನಾನು ಎದ್ದೆ. ದೊಡ್ಡಮ್ಮ ನನ್ನ ತೋಳು ಹಿಡಿದಳು. “ಭಾನುವಾರ ಗಂಡಿನೋರು ಬರ್ತಾರೆ, ಸುಮ್ಕಿರಪ್ಪ. ಸೈನು ಹಾಕಿದೀನಿ.”

ಲಾರಿ ಕೆಳಸೇತುವೆಗೆ ಇಳಿದು ಹೋಯಿತು. ಆಕೆ ಬೆಂಚಿನ ಮೇಲೆ ಕೂತು ಆ ಪ್ಯಾಕೆಟ್ಟಿನಿಂದ ಒಂದು ಚಿಟಿಕೆ ಪುಡಿ ನಾಲಿಗೆಗೆ ಹಾಕಿಕೊಂಡಳು.

“ಸೀದೋಗಿದೆ,” ಅಂದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು, “ಇಷ್ಟು ವರ್ಷ ತಿಂದೋನು. ನಾನು ಸೀದಿದ್ದು ಕಟ್ಟಿಕೊಟ್ಟಿದೀನಿ ಅಂತ ಹೆಂಗೆ ನಂಬ್ದ?” ಎಂದು ನನ್ನನ್ನು ಕೇಳಿದಳು.