ಮಹದೇವಯ್ಯನವರ ವ್ಯಾನು, ಶಾಲೆ ಗೇಟಿನ ಗಾಳಿ

ಮಹದೇವಯ್ಯ ಹೂಟಗಳ್ಳಿಯಿಂದ ಸರಸ್ವತಿಪುರಂನ ಶಾಲೆಯೊಂದಕ್ಕೆ ಮಕ್ಕಳ ವ್ಯಾನು ಓಡಿಸುತ್ತಾರೆ. ಮೊದಲು ಕಾರ್ಖಾನೆಯೊಂದರ ಲಾರಿ ಓಡಿಸುತ್ತಿದ್ದವರು, ಊರೂರು ಅಲೆದು ಸಾಕಾಗಿ ಹಳೇ ಡೀಸೆಲ್ ವ್ಯಾನು ಕೊಂಡರು. ಅವರ ವ್ಯಾನಿನಲ್ಲಿ ಹೋಗಿಬಂದ ಮಕ್ಕಳು ಈಗ ಕಾಲೇಜು ಸೇರಿದ್ದಾರೆ. ಎಲ್ಲಾದರೂ ಕಂಡರೆ ನಿಂತು ಮಾತಾಡಿಸುತ್ತಾರೆ. ಯಾವ ಮಗುವಿಗೆ ಮೈ ಬಿಸಿಯಿದೆ ಎಂಬುದು ತಾಯಂದಿರಿಗಿಂತ ಮೊದಲು ಇವರಿಗೇ ಗೊತ್ತಾಗುತ್ತದೆ ಎಂದು ಹೆಂಡತಿ ಮಂಚಮ್ಮ ತಮಾಷೆ ಮಾಡುವುದುಂಟು.

ಕಳೆದ ಚಳಿಗಾಲದಲ್ಲಿ ಆ ಶಾಲೆಯ ವಿಜ್ಞಾನದ ಟೀಚರ್ ಭಾನುಪ್ರಿಯಾ ಗೇಟಿನ ಕಂಬಕ್ಕೆ ಒಂದು ಬಿಳಿ ಡಬ್ಬಿ ಕಟ್ಟಿಸಿದರು. ಹೊಗೆ, ಸಣ್ಣ ಧೂಳು ಗಾಳಿಯಲ್ಲಿ ಎಷ್ಟಿದೆಯೆಂದು ಅಳೆಯುವ ಅಗ್ಗದ ಸೆನ್ಸರ್ ಅದು. ಅಳತೆ ಮೊಬೈಲಿಗೆ ಬರುತ್ತಿತ್ತು. ವ್ಯಾನಿನವರು ಅದನ್ನು ಕ್ಯಾಮೆರಾ ಅಂದುಕೊಂಡರು. ಇನ್ನು ಆರ್‌ಟಿಒದವರು ಬರೋದೊಂದೇ ಬಾಕಿ ಎಂದು ದೇವರಾಜು ಎಂಬ ಡ್ರೈವರ್ ಎಲ್ಲರನ್ನೂ ಹೆದರಿಸಿಬಿಟ್ಟ.

ಒಂದು ಮಧ್ಯಾಹ್ನ ಟೀಚರೇ ಹೊರಗೆ ಬಂದು ಮೊಬೈಲು ತೋರಿಸಿದರು. ದಿನವೆಲ್ಲ ತಗ್ಗಿನಲ್ಲೇ ಹರಿಯುವ ಅಳತೆಯ ಗೆರೆ, ಶಾಲೆ ಬಿಡುವ ಹೊತ್ತಿಗೆ ಗುಡ್ಡದಂತೆ ಏಳುತ್ತಿತ್ತು. ವ್ಯಾನುಗಳು ಇಂಜಿನ್ ಆಫ್ ಮಾಡದೆ ಗೇಟಿನ ಮುಂದೆ ಸಾಲುಗಟ್ಟುವ ಹೊತ್ತು ಅದು. ಕಾಯುವಾಗ ಆಫ್ ಮಾಡಬಾರದೇ ಎಂದು ಅವರು ಕೇಳಿದರು. ಡ್ರೈವರುಗಳು ಒಬ್ಬೊಬ್ಬರಾಗಿ ತಮ್ಮ ತಮ್ಮ ವ್ಯಾನಿನ ಕಡೆ ಸರಿದರು.

ಅವತ್ತು ಮಹದೇವಯ್ಯನವರಿಗೆ ಊಟ ಸೇರಲಿಲ್ಲ. ಏನಾಯಿತೆಂದು ಮಂಚಮ್ಮ ಬಿಡದೆ ಕೇಳಿದ ಮೇಲೆ ಹೇಳಿದರು: "ಇಷ್ಟು ವರ್ಷ ಆ ಮಕ್ಕಳಿಗೆ ಹೊಗೆ ಕುಡಿಸ್ದಂಗಾಯ್ತಲ್ಲ."

"ಬೇಕು ಅಂತ ಮಾಡಿದ್ರಾ? ಆಫ್ ಮಾಡಿದ್ರೆ ಏನಾಗ್ತದೆ ಅಂತ ಆ ಮೇಡಂಗೂ ಹೇಳಿ. ಅವ್ರಿಗೆಂಗೆ ಗೊತ್ತಾಗಬೇಕು?" ಎಂದರು ಮಂಚಮ್ಮ.

ಮಾರನೆಯ ದಿನ ಮಹದೇವಯ್ಯ ಟೀಚರ ಬಳಿ ಹೋಗಿ ನಿಂತರು. "ಆಫ್ ಮಾಡಕ್ಕೆ ನಂಗೇನೂ ಅಡ್ಡಿ ಇಲ್ಲ ಮೇಡಂ. ಬ್ಯಾಟರಿ ಹಳೇದು. ಒಂದ್ಸಲ ನಿಂತ್ಬುಟ್ರೆ ಮತ್ತೆ ಸ್ಟಾರ್ಟ್ ಆಯ್ತದೆ ಅಂತ ನಂಬಕ್ಕಾಗಲ್ಲ. ನಮ್ಮಲ್ಲಿ ಅರ್ಧ ಜನದ ಗಾಡಿ ಇಂಗೇ."

ಭಾನುಪ್ರಿಯಾ ಅದನ್ನು ಯೋಚಿಸಿರಲಿಲ್ಲ. ಇವರೆಲ್ಲ ಉದಾಸೀನ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ ಎಂದು ಒಪ್ಪಿಕೊಂಡರು. ಇಬ್ಬರೂ ಕಾಂಪೌಂಡಿನ ಸುತ್ತ ಒಂದು ಸುತ್ತು ಬಂದರು. ಪಕ್ಕದ ಅಡ್ಡರಸ್ತೆ ಚೆನ್ನಾಗಿ ಇಳಿಜಾರಾಗಿತ್ತು. ಬ್ಯಾಟರಿ ಸೋತ ವ್ಯಾನುಗಳು ಅದರ ಮೇಲ್ತುದಿಯಲ್ಲಿ ನಿಂತರೆ, ಮಕ್ಕಳು ಬರುವ ಮೊದಲೇ ಖಾಲಿ ಗಾಡಿಯನ್ನು ಉರುಳಿಸಿ ಸ್ಟಾರ್ಟ್ ಮಾಡಿಕೊಳ್ಳಬಹುದು ಎಂದು ಮಹದೇವಯ್ಯ ಲೆಕ್ಕ ಹಾಕಿದರು. ಉಳಿದವರು ಗೇಟಿನ ಹತ್ತಿರವೇ ಆಫ್ ಮಾಡಿ ನಿಲ್ಲುವುದೆಂದಾಯಿತು. ರಸ್ತೆಯ ಮನೆಯವರನ್ನು ಒಪ್ಪಿಸುವ ಕೆಲಸ ಟೀಚರದು.

ಮೊದಲ ದಿನ ಮಹದೇವಯ್ಯನವರ ವ್ಯಾನೇ ಕೈಕೊಟ್ಟಿತು. ಇಳಿಜಾರು ಮುಗಿಯುವವರೆಗೂ ಉರುಳಿ, ಒಮ್ಮೆ ಕೆಮ್ಮಿ, ಸುಮ್ಮನಾಯಿತು. ದೇವರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನೇ ಮೊದಲು ಬಂದು ಹಿಂದಿನಿಂದ ತಳ್ಳಲು ಕೈ ಹಾಕಿದ. ಮಿಕ್ಕವರೂ ಸೇರಿ ತಳ್ಳಿದರು. ವ್ಯಾನು ದಟ್ಟ ಹೊಗೆ ಉಗುಳಿ ಹೊರಟಿತು. ಸದ್ಯ, ಡಬ್ಬಿ ಆ ಕಡೆ ಇಲ್ಲ ಎಂದು ಯಾರೋ ಅಂದಾಗ ಟೀಚರಿಗೂ ನಗು ತಡೆಯಲಾಗಲಿಲ್ಲ.

ದಿನ ಕಳೆದಂತೆ ಮಧ್ಯಾಹ್ನದ ಗುಡ್ಡ ಕುಗ್ಗುತ್ತ ಬಂತು. ಅಷ್ಟರಲ್ಲಿ ವ್ಯಾನಿನವರೂ ತಮ್ಮ ಮೊಬೈಲಿನಲ್ಲಿ ಆ ಗೆರೆ ನೋಡುವುದನ್ನು ಕಲಿತಿದ್ದರು. ಆದರೆ ದಟ್ಟ ಮಂಜು ಕವಿದಿದ್ದ ಒಂದು ಬೆಳಿಗ್ಗೆ, ಗೇಟಿನ ಮುಂದೆ ಒಂದು ಗಾಡಿಯೂ ಇಲ್ಲದಿದ್ದಾಗಲೇ ಗೆರೆ ನೆಗೆದು ಕೂತಿತ್ತು. ಡಬ್ಬಿಯೇ ಸುಳ್ಳು, ನಾವು ಸುಮ್ಮನೆ ಗಾಡಿ ತಳ್ಳಿ ಸುಸ್ತಾದೆವು ಎಂದು ದೇವರಾಜು ರೇಗಿದ. ಕೆಲವರು ಹೌದೆಂದು ತಲೆಯಾಡಿಸಿದರು.

ಮಹದೇವಯ್ಯ ನೇರವಾಗಿ ಟೀಚರನ್ನು ಕೇಳಿದರು. ಅವರು ಮುಚ್ಚಿಡಲಿಲ್ಲ. ಇದು ಅಗ್ಗದ ಉಪಕರಣ, ಮಂಜಿನ ಹನಿಯನ್ನೂ ಧೂಳೆಂದೇ ಎಣಿಸಿಬಿಡುತ್ತದೆ, ಅಂಥ ಬೆಳಿಗ್ಗೆಯ ಅಳತೆಯನ್ನು ನಂಬಬಾರದು, ಮಂಜಿಲ್ಲದ ಮಧ್ಯಾಹ್ನಗಳನ್ನು ಒಂದಕ್ಕೊಂದು ಹೋಲಿಸಿ ನೋಡಬೇಕು ಎಂದರು. ಮಹದೇವಯ್ಯ ಅದನ್ನು ಗೆಳೆಯರಿಗೆ ತಮ್ಮದೇ ರೀತಿಯಲ್ಲಿ ಹೇಳಿದರು:

"ಮಂಜಲ್ಲಿ ನಮ್ ಕಣ್ಣಿಗೂ ದಾರಿ ಸರಿಯಾಗಿ ಕಾಣಕ್ಕಿಲ್ಲ ಕಣ್ರಪ್ಪ. ಅಂಗಂತ ಕಣ್ಣು ಮುಚ್ಕೊಂಡು ಓಡ್ಸ್ತೀವಾ? ಬಿಸಿಲು ಬರ್ಲಿ, ಮಧ್ಯಾಹ್ನ ನೋಡವ."

ಮಧ್ಯಾಹ್ನ ನೋಡಿದರು. ಗೆರೆ ತಗ್ಗಿನಲ್ಲೇ ಇತ್ತು. ದೇವರಾಜು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಗೇಟಿನ ಪಕ್ಕದ ಹೊಂಗೆ ಮರದ ನೆರಳಿಗೆ ಬಂದು ಕೂತ.

ಗೆರೆ ಪೂರ್ತಿ ನೆಲ ಮುಟ್ಟಿಲ್ಲ. ಮುಖ್ಯರಸ್ತೆಯಲ್ಲಿ ಸಿಟಿ ಬಸ್ಸು, ಆಟೋಗಳು ಇದ್ದೇ ಇವೆ. ಆದರೆ ಶಾಲೆಯವರು ಈಗ ಕಾರು, ಸ್ಕೂಟರಿನಲ್ಲಿ ಬರುವ ತಂದೆತಾಯಂದಿರಿಗೂ ಇಂಜಿನ್ ಆಫ್ ಮಾಡಲು ಹೇಳಿದ್ದಾರೆ. ವ್ಯಾನುಗಳ ಗುರುಗುರು ನಿಂತ ಮೇಲೆ ಒಳಗಿನಿಂದ ಮಕ್ಕಳು ಮಗ್ಗಿ ಹೇಳುವುದು ಮರದಡಿಗೆ ಕೇಳಿಸುತ್ತದೆ. ಇಷ್ಟು ವರ್ಷ ಅದು ನಮ್ಮ ಕಿವಿಗೇ ಬಿದ್ದಿರಲಿಲ್ಲ ಎನ್ನುತ್ತಾರೆ ಮಹದೇವಯ್ಯ.

ಟೀಚರು ಎರಡನೇ ಡಬ್ಬಿ ತರಿಸಿದಾಗ, ಅದನ್ನು ಹೂಟಗಳ್ಳಿಯ ತಮ್ಮ ಬೀದಿಗೆ ಕೊಡಿ ಎಂದು ಮಹದೇವಯ್ಯನವರೇ ಕೇಳಿ ಪಡೆದರು. ಒಂದು ಭಾನುವಾರ ಮನೆ ಮುಂದಿನ ಗೋಡೆಗೆ ಮೊಳೆ ಹೊಡೆಯುತ್ತಿದ್ದಾಗ, ನೀರು ಕಾಯಿಸುವ ಒಲೆಯ ಹೊಗೆಯೂ ಇದಕ್ಕೆ ಕಾಣುತ್ತದೆಯೇ ಎಂದು ಮಂಚಮ್ಮ ಅನುಮಾನದಿಂದ ಕೇಳಿದರು. ಕಾಣಬಹುದು ಎಂದರು ಮಹದೇವಯ್ಯ. ಮಂಚಮ್ಮ ಸ್ವಲ್ಪ ಯೋಚಿಸಿ, ಹಾಗಾದರೆ ಇನ್ನೂ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹೊಡೆಯಿರಿ, ಈ ಬೀದಿಯಲ್ಲಿ ಒಲೆ ಹಚ್ಚುವವರು ನಾವೊಬ್ಬರೇ ಅಲ್ಲವಲ್ಲ ಎಂದು ಸ್ಟೂಲು ತಂದುಕೊಟ್ಟರು.